ಮದ್ದು

ಹಸಿರು ಬನಾತಿನ ಮೇಲೆ ಮೂರು ತೋಟಾ ನಿಲ್ಲಿಸುತ್ತಾನೆ
ಮುದುಕ ದಾರೂವಾಲಾ,
ಶಾಲೆಯ ಫೋಟೋಗೆ ಹುಡುಗರನ್ನು ನಿಲ್ಲಿಸಿದ ಹಾಗೆ.
ಪುಣೆ ಕ್ಯಾಂಪಿನಲ್ಲಿ ಹನ್ನೊಂದರ ಬಿಸಿಲು.
ಬಾಗಿಲಾಚೆ ಬಿಸ್ಕತ್ತಿನ ಪೊಟ್ಟಣ ಹಿಡಿದ ಯಾರೋ
ರಿಕ್ಷಾದವನ ಜೊತೆ ಮೀಟರಿಗಾಗಿ ಜಗಳ.

"ದಾರೂ ಅಂದರೆ ಕುಡಿಯೋದಲ್ಲ ನೀಲಾಬಾಯಿ,
ನಮ್ಮಜ್ಜ ಮಾರಿದ್ದು ಸಿಡಿಯೋದು."
ಮೂವತ್ತನೇ ಸಲ ಹೇಳುತ್ತಿದ್ದಾನೆ.
ನಮ್ಮಲ್ಲೂ ಹಾಗೇ, ಕೇರ್ಸಾಸ್ಪ್‌ಜಿ:
ಕೆಮ್ಮಿಗೂ ಮದ್ದು, ಕೋವಿಗೂ ಮದ್ದು.
ಖಡಕಿ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷ
ಮೊದಲನೆಯದನ್ನು ತೂಗಿ ಕೊಟ್ಟೆ;
ಎರಡನೆಯದು ನನಗೆ, ಬರೀ ರವಿವಾರ.
ಸಿಂದಗಿಯಲ್ಲಿ ಅತ್ತೆ ಕೇಳುತ್ತಿದ್ದಳು,
"ತ್ವಾಟ ಐತೇನವಾ ನಿಮ್ಗ, ಪುಣ್ಯಾದಾಗ?"
ತ್ವಾಟ ಇಲ್ರೀ ಅತ್ತಿ, ತೋಟಾ ಅದಾವ.

ಎಡಗಡೆಯದು ಏಳು ಪಾಯಿಂಟ್ ಆರೆರಡು.
ಡುಮ್ಮ, ಹಳೆಯ ಸಿಪಾಯಿ. ಎಲ್ಲಿ ಹೋದರೂ ಸಿಗುತ್ತಾನೆ.
ಐದು ಸಾವಿರ ಹೊಡೆದರೂ ನಳಿಗೆ ಜಗ್ಗುವುದಿಲ್ಲ.
ಆದರೆ ಒದೆಯುತ್ತಾನೆ:
ಸಂಜೆ ಹೆಗಲಿಗೆ ನಾನೇ ಮಾರುವ ಮುಲಾಮು.
ಒದೆಗಿಂತ ಮೊದಲೇ ಕಣ್ಣು ತಾನಾಗಿ ಮುಚ್ಚುತ್ತದೆ,
ಚುಚ್ಚುಮದ್ದಿನ ಸೂಜಿ ಕಂಡ ಮಗು.

ಬಲಗಡೆಯದು ಆರು ಮಿಲಿಮೀಟರ್. ಸಪೂರ, ಚೂಪು ಮೂತಿ.
ಹೆಗಲಿಗೆ ತಟ್ಟಿದ್ದೇ ತಿಳಿಯದು.
ಸಾವಿರದೈನೂರಕ್ಕೆ ನಳಿಗೆಯ ಗಂಟಲು ಸುಟ್ಟಿರುತ್ತದೆ.

ನಡುವಿನದು ಆರೂವರೆ.
ಬಾವುಟ ಒಂದು ಹೇಳಿ ಹುಲ್ಲು ಇನ್ನೊಂದು ಹೇಳುವ ದಿನ
ಮುನ್ನೂರು ಮೀಟರಿನಾಚೆ ಡುಮ್ಮ ನಾಲ್ಕು ಬೆರಳು ಸರಿದರೆ
ಇದು ಎರಡೂವರೆ.
ನಳಿಗೆಯ ಆಯಸ್ಸು? ಎರಡು ಸಾವಿರ.
ನಸೀಬಿದ್ದರೆ ಮೇಲೊಂದಿಷ್ಟು.

ಕನ್ನಡಕ ತೆಗೆದು ಒರೆಸುತ್ತ ಮುದುಕ ಕೇಳಿದ:
"ನಿನಗೆ ಎಷ್ಟು ಗುಂಡು ಬೇಕು ಬಾಯಿ, ಒಟ್ಟು?"

ಒಟ್ಟು.
ಇದನ್ನು ಯಾರೂ ಕೇಳಿರಲಿಲ್ಲ.

ಚೀಟಿಯ ಹಿಂದೆ ಲೆಕ್ಕ ಹಾಕಿದೆ.
ತಿಂಗಳಿಗೆ ನಲವತ್ತು; ಮಳೆಯ ಮೂರು ತಿಂಗಳು ರೇಂಜು ಬಂದ್;
ವರ್ಷಕ್ಕೆ ಮುನ್ನೂರ ಅರವತ್ತು.
ಎರಡು ಸಾವಿರಕ್ಕೆ ಐದೂವರೆ ವರ್ಷ.
ಬಲಗಣ್ಣಿನ ಒಳಪರದೆಗೆ ದೀಪ ಹಿಡಿದು ಡಾಕ್ಟರು ಹೇಳಿದ್ದೂ
ಹೆಚ್ಚುಕಡಿಮೆ ಅಷ್ಟೇ:
"ನಿಧಾನ. ಆದರೆ ಹೋದದ್ದು ಮರಳುವುದಿಲ್ಲ.
ಐದು ಅಂದುಕೊಳ್ಳಿ, ಆರು ಅಂದುಕೊಳ್ಳಿ."
ಮುದುಕನಿಗೆ ಅದನ್ನು ಹೇಳಲಿಲ್ಲ.
ಪ್ರತಿ ಡಬ್ಬಿಯ ತಾರೀಖು ನೋಡಿಯೇ ಕೊಡುವವಳು ನಾನು,
ಸಿಟ್ಟೇಕೆ ಬಂತು?

"ನಡುವಿನದು" ಅಂದೆ.
ಲೈಸೆನ್ಸಿನ ಪುಸ್ತಕಕ್ಕೆ ನೇರಳೆ ಮೊಹರು ಒತ್ತಿ ಅವನು,
"ಊಟಕ್ಕೆ ಮೊದಲೋ, ಆಮೇಲೋ?"
ಇಬ್ಬರೂ ನಕ್ಕೆವು. ಅವನಿಗೆ ಕೆಮ್ಮು ಬಂತು.

ಕಸ್ಟಮ್ಸು ದಾಟಿ ನಳಿಗೆ ಬರುವಷ್ಟರಲ್ಲಿ ಖಂಡೆನವಮಿ.
ತಕ್ಕಡಿಗೂ ಕೋವಿಗೂ ಒಂದೇ ಕುಂಕುಮ, ಒಂದೇ ಚೆಂಡುಹೂವು.

ರವಿವಾರ, ಗುಡ್ಡದ ಬುಡ. ಚಾಪೆಯ ಮೇಲೆ ಬೋರಲು.
ಉಸಿರು ಅರ್ಧ ಬಿಟ್ಟು,
ಗುಂಡಿಗೆಯ ಎರಡು ಬಡಿತದ ನಡುವೆ
ಮೊದಲನೆಯದು ಹೋಯಿತು.

ಕಪ್ಪು ವೃತ್ತದ ಆಚೆ, ಬಿಳಿಯಲ್ಲಿ,
ಗಡಿಯಾರದ ನಾಲ್ಕರ ದಿಕ್ಕಿಗೆ. ಗಾಳಿ ಓದಿದ್ದು ತಪ್ಪಿತ್ತು.
ಆದರೆ ದುರ್ಬೀನಿನೊಳಗೆ ಆ ತೂತು
ಇರಲಿಲ್ಲ, ಆಮೇಲೆ ಇತ್ತು:
ಆ ನಡುವನ್ನು ನಾನು ನೋಡಿದೆ.