ಕರಿ ಬಣ್ಣ ಒಣಗುವ ಮೊದಲು

ನಲವತ್ತು ವರ್ಷ ಬೋರ್ಡು ಬರೆದವ ನಾನು,
ಹೊಸಂಗಡಿಯಿಂದ ಕುಂಬಳೆವರೆಗೆ
ಮೇಲೆ ಮಲಯಾಳ, ಕೆಳಗೆ ಕನ್ನಡ,
ಮೂಲೆಯಲ್ಲಿ ಸಣ್ಣಕ್ಕೆ: ಐತಪ್ಪ ಆರ್ಟ್ಸ್, ಉಪ್ಪಳ.
ಫ್ಲೆಕ್ಸು ಬಂದ ಮೇಲೆ ನನ್ನ ಕುಂಚಗಳು
ಉಪ್ಪಿನಕಾಯಿ ಬಾಟ್ಲಿಯಲ್ಲಿ
ಗಟ್ಟಿ ಕೂದಲು ಹೊತ್ತು ನಿಂತಿವೆ.

ಮೊನ್ನೆ ಮೊಮ್ಮಗಳು ಪ್ರತೀಕ್ಷಾ ಬಂದು
"ಅಜ್ಜ, ಚೆನ್ನಿಯ ಚಿತ್ರ ಬೇಕು, ಗೋಡೆಗೆ.
ಕಣ್ಣು ಬೇಡ, ಬಣ್ಣ ಬೇಡ, ಬರೀ ನೆರಳು."
ಕಣ್ಣಿಲ್ಲದ್ದು ಎಂಥ ಚಿತ್ರ ಮಾರಾಯ್ತಿ, ಎಂದೆ.
ಎಂದರೂ ಏಣಿ ಇಟ್ಟು ಅಟ್ಟ ಹತ್ತಿದೆ.

ಅಲ್ಲೊಂದು ಚೌಕಟ್ಟು ಉಂಟು.
ಟೈಲರ್ ನಾರ್ಣಪ್ಪ ಮುಂಗಡ ಕೊಟ್ಟು
ಆಮೇಲೆ ಒಯ್ಯದೇ ಬಿಟ್ಟ ಕ್ಯಾನ್ವಾಸು,
"ಜೆಂಟ್ಸ್ ಆಂಡ್" ಎಂಬಲ್ಲಿಗೆ ನಿಂತಿದೆ.
ಬಿಳಿ ಪ್ರೈಮರು ಎರಡು ಕೋಟು ಬಳಿದೆ.
"ಜೆಂಟ್ಸ್" ಹೋಯಿತು. ಮೂರನೆಯದಕ್ಕೂ
"ಆಂಡ್" ಇಣುಕುತ್ತಿತ್ತು.
ನಾಲ್ಕನೆಯದಕ್ಕೆ ಡಬ್ಬ ಖಾಲಿ.

ಇನ್ನು ಬೆಕ್ಕು ಕೂರಬೇಕಲ್ಲ!
ಕಿಟಕಿಯ ದಂಡೆಯಲ್ಲಿ ಕೂರಿಸಿ
ಹಿಂದಿನಿಂದ ಟಾರ್ಚು ಹಿಡಿದಳು ಹುಡುಗಿ.
ಬಟ್ಟೆಯ ಮೇಲೆ ಎದ್ದ ನೆರಳು ಹುಲಿವೇಷದಷ್ಟು.
ಬಡಗಿ ಪೆನ್ಸಿಲು ಎರಡನೇ ಕಿವಿಗೆ ಬರುವಾಗ
ಗೇಟಿನಾಚೆ ಮೀನಿನ ಸ್ಕೂಟರಿನ ಹಾರ್ನು.
ಬೆಕ್ಕೂ ಇಲ್ಲ, ನೆರಳೂ ಇಲ್ಲ.
ಕೈಗೆ ಸಿಕ್ಕಿದ್ದು ಒಂದೂವರೆ ಕಿವಿ.

ಕೊನೆಗೆ ಮೊಬೈಲಿನ ಫೋಟೋ, ಅದಕ್ಕೆ ಚೌಕುಳಿ.
ಬೆಕ್ಕು ಬರೆದು ಗೊತ್ತಿಲ್ಲ ನನಗೆ, ಅಕ್ಷರ ಗೊತ್ತು.
ಮಲಗಿದ ಬೆಕ್ಕು ಠ, ನಡುವಿನ ಚುಕ್ಕಿ ಮೂಗು.
ಕೂತರೆ ಬೆನ್ನು, ಬಾಲ ಸೇರಿ ಮಲಯಾಳದ ಉಕಾರ,
ಉಸಿರು ಹಿಡಿದು ಒಂದೇ ಎಳೆತ.
ಕಿವಿ ಮಾತ್ರ ಯಾವ ಲಿಪಿಯಲ್ಲೂ ಸಿಗಲಿಲ್ಲ,
ಒರೆಸಿ ಒರೆಸಿ ಬರೆದೆ.
"ಎಡಕಿವಿಯ ಹರಕು ಬಿಡಬೇಡ ಅಜ್ಜ."
ಬಿಡಲಿಲ್ಲ.

ಕರಿ ಎನಾಮೆಲು ತುಂಬುತ್ತ ಬಂದ ಹಾಗೆ
ಕಂದು ಪಟ್ಟೆ, ಹೊಟ್ಟೆಯ ಬಿಳಿ,
ಉಂಡರೂ ಉಂಡಿಲ್ಲ ಎನ್ನುವ ಆ ಕಳ್ಳ ಕಣ್ಣು
ಎಲ್ಲ ಒಳಗೆ ಹೋದವು.
ಹುಡುಗಿ ಮಾತಾಡಲಿಲ್ಲ.
"ಚೆನ್ನಿಯೇ ಅಲ್ವೊ?" ಕೇಳಿದೆ.
"ಹೌದು," ಎಂದಳು, "ಎಲ್ಲಿಗೋ ಹೊರಟ ಹಾಗೆ ಉಂಟು."

ಒಣಗಲಿ ಎಂದು ಜಗಲಿಗೆ ಒರಗಿಸಿ
ಚಾ ಕುಡಿಯಲು ಹೋದದ್ದಷ್ಟೆ.
ಚೆನ್ನಿ ಬಂದಿದ್ದಾಳೆ, ತನ್ನನ್ನೇ ಮೂಸಿದ್ದಾಳೆ,
ಸೀನಿರಬೇಕು, ಹಿಂದೆ ಸರಿದು
ಬಣ್ಣದ ಮುಚ್ಚಳಕ್ಕೆ ಕಾಲಿಟ್ಟಿದ್ದಾಳೆ.
ಕಾವಿ ನೆಲದ ತುಂಬ ನಾಲ್ಕು ಚುಕ್ಕಿ, ಒಂದು ಮೆತ್ತೆ,
ನಾಲ್ಕು ಚುಕ್ಕಿ, ಒಂದು ಮೆತ್ತೆ.

ಪಾಗಾರದಾಚೆಯಿಂದ ಬೀಫಾತಿಮ್ಮನ ಸ್ವರ:
"ಐತಪ್ಪಣ್ಣ, ನಿಮ್ಮ ಪೈಂಟು ನಡೆದುಕೊಂಡು
ನಮ್ಮ ಅಡುಗೆಮನೆಗೆ ಬಂದಿದೆ!"
ಹೋಗಿ ನೋಡಿದೆವು. ಒಗೆಯುವ ಕಲ್ಲು, ಮೆಟ್ಟಿಲು,
ಗ್ಯಾಸಿನ ಪಕ್ಕ ಒಂದು ಸ್ಟೀಲಿನ ತಟ್ಟೆ,
ತಟ್ಟೆಯಲ್ಲಿ ಬೂತಾಯಿ ತಲೆ.
"ಯಾರ ತಟ್ಟೆ?"
"ನಮ್ಮ ಸುಲ್ತಾನಂದು. ಕಿವಿ ಸ್ವಲ್ಪ ಹರಿದಿದೆ."
ಪ್ರತೀಕ್ಷಾ ಸೊಂಟಕ್ಕೆ ಕೈ ಇಟ್ಟಳು:
"ನಮ್ಮಲ್ಲಿ ಎರಡು ಸಲ ಮರಿ ಹಾಕಿದೆ!"
ಬೀಫಾತಿಮ್ಮ ಬಾಯಿಗೆ ಸೆರಗು ಒತ್ತಿ ನಕ್ಕರು.
"ಪಡೆದವನೇ! ತಿಂಗಳುಗಟ್ಟಲೆ ಕಾಣದಾಗ
ಸುಲ್ತಾನ್ ಗಲ್ಫಿಗೆ ಹೋಗಿದ್ದಾನೆ ಎನ್ನುತ್ತಿದ್ದೆವಲ್ಲ."

ಅವರು ಹಿಡಿದರು, ನಾನು ಪಂಜಕ್ಕೆ
ತೆಂಗಿನೆಣ್ಣೆ ಹಚ್ಚಿ ಒರೆಸಿದೆ.
ಇಬ್ಬರಿಗೂ ಸರಿಯಾಗಿ ಪರಚಿತು, ಭೇದ ಮಾಡಲಿಲ್ಲ.
ಅವರ ಹಿಂಬಾಗಿಲಿನಿಂದಾಚೆಗೂ ಹೆಜ್ಜೆ ಇತ್ತು,
ಮಸುಕಾಗಿ, ರೈಲು ಹಳಿಯ ಕಡೆಯ ಮನೆಗಳತ್ತ.
ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಚಿತ್ರ ಈಗ ಗೋಡೆಯಲ್ಲಿದೆ.
ಕೆಳಗೆ ಹೆಸರು ಬರೆ ಎಂದಳು ಹುಡುಗಿ.
ಒಂದನೇ ನಂಬರು ಕುಂಚ ಅದ್ದಿ ಬಗ್ಗಿದೆ.
ಕಾಲಿನ ಬುಡದಲ್ಲಿ, ಬಿಳಿ ಸಾಲದೆ ಹೋದಲ್ಲಿ,
ನನ್ನದೇ ಕೈಬರಹ,
"ಆಂಡ್".
ಕುಂಚ ತೊಳೆದಿಟ್ಟೆ.