ಟೇಪು ಹಿಡಿದವಳು

ಸಂಡೂರಿನ ಶಾಲೆ ಬಯಲು. ಅದಿರಿನ ಧೂಳಿಗೆ
ಸುಣ್ಣದ ಗೆರೆಯೂ ಮಧ್ಯಾಹ್ನಕ್ಕೆ ಕೆಂಪು.
ಹೊನ್ನೂರಬಿ ಗುಂಡು ಎಸೆಯುತ್ತಾಳೆ,
ನಾನು ಟೇಪಿನ ತುದಿ.

ಒಂಬತ್ತು ಮೀಟರು. ಮತ್ತೆ ಒಂಬತ್ತು.
"ಇದೇ ಕೈ, ಇದೇ ಗುಂಡು, ಮಂಗಳನ ಮೇಲಾದರೆ
ಇಪ್ಪತ್ನಾಲ್ಕು" ಅಂದರು ಗಾದಿಲಿಂಗಪ್ಪ ಮೇಷ್ಟ್ರು,
ಗೋಡೆಯ ಧೂಳಲ್ಲಿ ಬೆರಳಿಂದ ಎರಡು ಕಮಾನು ಬರೆದು:
ಒಂದು ಗಿಡ್ಡ, ಇನ್ನೊಂದು
ಕಿಟಕಿಯ ಮೇಲೆ ಹಾದು ಹೋಯಿತು.

"ಹಗುರ ಆಗ್ತೈತಾ ಸರ್?"
"ಎತ್ತೋವಾಗ ಹಗುರ. ನೂಕೋವಾಗ ಇಷ್ಟೇ ಮೊಂಡು."
ಭುಜ ಒತ್ತಿಕೊಂಡು ನಕ್ಕಳು:
"ಹಂಗಾದ್ರ ಅಲ್ಲೂ ನೋವು ನಂದೇ."

ನಮ್ಮ ಟೇಪು ಹದಿನೈದೇ ಮೀಟರು.
ಇಪ್ಪತ್ನಾಲ್ಕೆಂದರೆ ಕಾಂಪೌಂಡು ದಾಟಿ
ಲಾರಿಗಳ ರಸ್ತೆ.
ಹೋಗಿ ಹೆಕ್ಕಿ ತರುವವಳು ನಾನು,
ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಬೀಳುವ ಬಿರುಸು ಅಲ್ಲೂ ಇಷ್ಟೇ ಅಂತೆ,
ತಡ ಮಾತ್ರ.
ಮುಂದಿನ ಎಸೆತಕ್ಕೆ, ಗುಂಡು ಅವಳ ಕೊರಳು ಬಿಟ್ಟಾಗ
ನಾನು ಓಡಲಿಲ್ಲ.
ಅದು ಇನ್ನೂ ಏರುತ್ತಿರಬೇಕಿದ್ದ
ಬರೀ ಗಾಳಿಯನ್ನು ನೋಡುತ್ತ ನಿಂತೆ.

ದಪ್ ಅಂತ ಬಿತ್ತು, ಎಲ್ಲೋ ಕೆಳಗೆ.
"ಎಷ್ಟು?" ಅಂದಳು.
ಟೇಪು ಕೈಯಲ್ಲಿ ಸುತ್ತಿಕೊಂಡೇ ಇತ್ತು.