ಬಂದ ತಾರೀಖು

ಶಹಾಬಾದದಾಗ ನಮ್ಮ ಸೇವಾ ಕ್ಲಬ್ಬಿಗೆ
ಒಂದೇ ಕೋಣಿ, ಒಂದು ಕಬ್ಬಿಣದ ಷಟರು.
ನೆಲಕ್ಕ ಇದೇ ಊರಿನ ಫರಸಿ,
ಮಧ್ಯಾಹ್ನ ಮೂರಕ್ಕೂ ಅಂಗಾಲಿಗೆ ತಂಪು.
ಒಳಗ ಇರೋದು ಇಷ್ಟು:
ಬಗಲ ಊರುಗೋಲು ಹದಿನಾರು ಜೋಡಿ, ವಾಕರು ಒಂಬತ್ತು,
ಗಾಲಿಕುರ್ಚಿ ನಾಲ್ಕು, ಅದರಾಗ ಒಂದಕ್ಕ ಬ್ರೇಕಿಲ್ಲ,
ಬೆನ್ನು ಎತ್ತೋ ಮಂಚ ಎರಡು,
ಮತ್ತ ಮೂಲ್ಯಾಗ, ಚಾದರ ಹೊದ್ದು,
ಸತ್ತವರನ್ನ ತಣ್ಣಗ ಇಡೋ ಗಾಜಿನ ಪೆಟ್ಟಿಗಿ.

ಕೀಲಿ ನನ್ನ ಬಲ್ಲಿ.
ಹನ್ನೊಂದು ವರ್ಷದ ರಿಜಿಸ್ಟರೂ ನನ್ನ ಬಲ್ಲಿ.
ಹೆಸರು, ಓಣಿ, ಸಾಮಾನಿನ ನಂಬರು,
ಜಮಾ ಐನೂರು, ಒಯ್ದ ತಾರೀಖು, ಬಂದ ತಾರೀಖು.
ಯಾಕ ಬಂತು ಅಂತ ಬರೆಯಲಿಕ್ಕ
ಯಾರೂ ಗೀಟು ಎಳೀಲಿಲ್ಲ.

ನಂಬರ್ ಮೂರರ ವಾಕರು.
ಮಡ್ಡಿ ಓಣಿ ಖಾಸಿಂಬಿ, ಫೆಬ್ರುವರಿ ಹತ್ತಕ್ಕ ಒಯ್ದದ್ದು,
ಮಾರ್ಚ್ ಎರಡಕ್ಕ ಬಂತು. ತಂದವ ಮೊಮ್ಮಗ.
"ಈಗ ಬೇಕಾಗಂಗಿಲ್ಲ ಚಾಚಾ" ಅಂದ.
ಅಷ್ಟೇ ಅಂದ.
ಕುಂಟದೇ ನಡದಾಳೋ,
ನಾಲ್ಕು ಮಂದಿ ಹೆಗಲ ಮ್ಯಾಲ ನಡದಾಳೋ,
ಕೇಳಲಿಕ್ಕ ಬಾಯಿ ತೆರದೆ.
ಐನೂರು ಎಣಿಸಿ ಕೊಟ್ಟೆ.

ಪ್ರತಿ ಜುಲೈಗೆ ಅಧ್ಯಕ್ಷರು ಬದಲಾಗ್ತಾರ.
ಕೊರಳಿಗೆ ಪಟ್ಟಿ, ಪಟ್ಟಿಗೆ ಬಿಲ್ಲೆ.
ದವಾಖಾನ್ಯಾಗ ಒಂದು ಬಾಳೆಹಣ್ಣಿಗೆ ಒಂಬತ್ತು ಕೈ,
ಹಾಸಿಗಿ ಮ್ಯಾಲಿನವನಿಗೆ "ಈ ಕಡಿ ನೋಡಪಾ" ಅಂತಾರ.
ನಗಬ್ಯಾಡ್ರಿ. ಆ ಒಂಬತ್ತರಾಗ ನಾನೂ ಒಬ್ಬ,
ಫೋಟೋದಾಗ ನನ್ನ ಬೆರಳಷ್ಟೇ ಬಂದದ.

ಅದೇ ಫೋಟೋದ ನಡುವಿನ ಮನಷ್ಯಾ,
ದಾಲ್ ಮಿಲ್ಲಿನ ಸೂರ್ಯಕಾಂತಪ್ಪ,
ಹೋದ ಬ್ಯಾಸಗಿ ರಾತ್ರಿ ಎರಡಕ್ಕ, ಬನಿಯನ್ ಮ್ಯಾಲೇ,
ತೊಗರಿ ಚೀಲ ಇಳಿಸಿ ಟೆಂಪೋದಾಗ ಪೆಟ್ಟಿಗಿ ಹೇರಿಕೊಂಡು
ರಾವೂರ ತನಕ ಹೋದ.
ಪುಣೆದಿಂದ ಮಗಳು ಬರೋತನಕ ಮಣ್ಣು ಮಾಡಂಗಿರಲಿಲ್ಲ.
ನಡುವ ಕರೆಂಟು ಹೋತು.
ಬಾಜೂ ಓಣಿ ಮದವಿ ಮನ್ಯಾಗ ಕಾಲು ಹಿಡದು
ಜನರೇಟರು ಬಿಚ್ಚಿಸಿ ತಂದ;
ಚಪ್ಪರದ ದೀಪ ಆರಿದವು, ಪೆಟ್ಟಿಗಿ ಗುಂಯ್ ಅಂತು.
ಅದರದು ಫೋಟೋ ಇಲ್ಲ.

ಪೆಟ್ಟಿಗಿ ಒಂದೇ ನೋಡ್ರಿ,
ಹೇಳಿದ ತಾರೀಖಿಗೆ ತಪ್ಪದೇ ಬರೋದು.

ಊರುಗೋಲು ಹಂಗಲ್ಲ.
ನಂಬರ್ ಏಳರ ಜೋಡಿ, ಖಣಿಯ ಮೌಲಾಲಿ ಒಯ್ದಿದ್ದ,
ಪಾದದ ಮ್ಯಾಲ ಕಲ್ಲು ಬಿದ್ದು. ಐದು ತಿಂಗಳು ಇಟ್ಕೊಂಡ.
ಬಂದಾಗ ಬಗಲಿನ ಕಟ್ಟಿಗಿಗೆ
ಹಳೇ ಸೀರಿಯ ದಡಿ ಸುತ್ತಿತ್ತು,
ಒಳಗ ಅರಳಿ, ಮ್ಯಾಲ ಸಣ್ಣ ಸಣ್ಣ ಹೊಲಿಗಿ,
ಕೌದಿ ಹೊಲದ ಕೈಯ ಹೊಲಿಗಿ.
ಕಾಯ್ದೆ ಪ್ರಕಾರ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ.
ಆಮ್ಯಾಲ ಒಯ್ದವಳು ಕುಂಬಾರ ಓಣಿ ನಿಂಬೆವ್ವ,
ಹರಿದಲ್ಲಿ ತ್ಯಾಪಿ ಹಾಕಿ ಕಳಿಸಿದಳು,
ಬ್ಯಾರೆ ದಾರ, ಬ್ಯಾರೆ ಬಣ್ಣ.
ಅದರ ಮ್ಯಾಲ ಇನ್ನೊಬ್ಬರ್ಯಾರೋ.
ಒಬ್ಬರ ಮಾರಿ ಒಬ್ಬರು ನೋಡಿಲ್ಲ.
ಈಗ ಬಂದವರು ಹೊಸಾ ಜೋಡಿ ಮುಟ್ಟಂಗಿಲ್ಲ,
"ಆ ಬಟ್ಟಿ ಸುತ್ತಿದ್ದು ಕೊಡ್ರಿ."

ನಿನ್ನೆ ಹೊಸಾ ಅಧ್ಯಕ್ಷರ ಫೋನು:
"ಎಷ್ಟು ಮಂದಿ ಗುಣ ಆದ್ರು? ಬ್ಯಾನರಿಗೆ ಒಂದು ನಂಬರು ಬೇಕು."
ರಿಜಿಸ್ಟರ್ ತೆರದೆ. ಬೆರಳು ಕಡೀ ಕೋಲಂ ಗುಂಟ ಇಳೀತು,
ತಾರೀಖು, ತಾರೀಖು, ತಾರೀಖು.
"ಸಾಮಾನು ವಾಪಸ್ ಬಂದಾವ ಸರ್" ಅಂದೆ.

ಸಂಜಿಗೆ ಷಟರ್ ಅರ್ಧ ಇಳಿಸಿದ್ದೆ,
ಒಬ್ಬ ಹುಡುಗ ಬಗ್ಗಿ ಒಳಗ ಬಂದ.
ಅಪ್ಪಗ ಬೇಕಂತ, ಇವತ್ತೇ ಪ್ಲಾಸ್ಟರ್ ಹಾಕ್ಯಾರಂತ.
ಮುಟಗಿ ಬಿಚ್ಚಿದ, ಮುನ್ನೂರು ಇತ್ತು.
ಐನೂರು ಅಂತ ಬರದೆ,
ನಂಬರ್ ಏಳು ಕೈಗಿಟ್ಟೆ.
ಅವ ಅದನ್ನ ಬಗಲಿಗೆ ಇಟ್ಟು ನೋಡಿದ, ಎತ್ತರ ಆತು.
ತುದಿಗಾಲ ಮ್ಯಾಲ ನಿಂತ,
ಒಂದು ಕಾಲು ಮಡಚಿ ಟಕ್ ಟಕ್ ಅಂತ
ಬಾಗಿಲ ತನಕ ಜಿಗದ,
ನಕ್ಕ,
ಆಮ್ಯಾಲ ಏನೋ ನೆನಪಾಗಿ
ಎರಡೂ ಕಾಲು ಊರಿ ನಿಂತ.